ದೇಶ ಬಿಟ್ಟು ಹೋಗೋರ ಫೋನು, ಮನ್ಯಾಗ ಉಳಿಯೋರ ಫೋನು



08359, 08488, 08356, 08358. ಈ ನಾಲ್ಕು ನಂಬರ್ ಕೇಳಿದ ಕೂಡಲೇ ಏನಾದ್ರೂ ನೆನಪಾಯ್ತೇನ್ರಿ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಮ್ಮ ನಾಲ್ಕೂ ಊರಿನ ಎಸ್‌ಟಿಡಿ ಕೋಡ್‌ಗಳು. ನಾ ಸಣ್ಣವನಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇರ್ತಿತ್ತು. ಒಳಗೆ ಒಂದು ಮೀಟರ್, ಅದರಾಗ ಕೆಂಪು ಅಂಕಿ ಓಡ್ತಿತ್ತು. ಮಾತಾಡೋರ ಕಣ್ಣೆಲ್ಲ ಆ ಅಂಕಿ ಮ್ಯಾಲೆ. ಕಿಸೇದಾಗಿನ ರೊಕ್ಕ ಮುಗಿಯೋ ಹೊತ್ತಿಗೆ "ಇಡ್ತೀನಿ, ಇಡ್ತೀನಿ" ಅಂತ ಇಟ್ಟುಬಿಡೋರು.

ಇವತ್ತು ಫೋನು ಕಿಸೇದಾಗೇ ಅದ, ಆದರೆ ಆ ಮೀಟರ್ ಕಣ್ಣಿಗೆ ಕಾಣೋದಿಲ್ಲ. ನಮ್ಮ ದೇಶದಾಗ ಇರೋತನಕ ಅದು ದೊಡ್ಡ ತೊಂದರೆ ಅಲ್ಲ. ದೇಶ ದಾಟಿದ ಮೇಲೆ ಅದೇ ತೊಂದರೆ. ಇವತ್ತಿನ ಮಾತು ಅದರ ಬಗ್ಗೆ: ಪರದೇಶಕ್ಕೆ ಹೋದಾಗ ಕಡಿಮೆ ಖರ್ಚಿನಲ್ಲಿ ಮನೆಯವರ ಜೊತೆ ಮಾತಾಡೋದು ಹೆಂಗ?

ಮೊದಲು ನಮ್ಮ ಮನೆಯದೇ ಕಥೆ. ನಮ್ಮ ದೊಡ್ಡಪ್ಪನ ಮಗ, ಇಂಡಿ ತಾಲೂಕಿನಾಗ ಅವರದು ಲಿಂಬಿ ತೋಟ. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಅಣ್ಣ ಎಲೆಕ್ಟ್ರಿಷಿಯನ್ ಕೆಲಸಕ್ಕಂತ ದುಬೈಗೆ ಹೋದ. ಹೋಗೋವಾಗ ಪೋಸ್ಟ್‌ಪೇಯ್ಡ್ ಸಿಮ್‌ಗೆ ರೋಮಿಂಗ್ ಹಚ್ಚಿಸಿಕೊಂಡ. ವಿಮಾನ ಇಳಿದ, ದೊಡ್ಡವ್ವಗ ಫೋನ್ ಹಚ್ಚಿ "ಮುಟ್ಟೀನಿ ಅವ್ವಾ" ಅಂದ, ಕೆಲಸಗಾರರ ಕ್ಯಾಂಪಿಗೆ ಹೋಗಿ ಮಲಗಿದ. ತಿಂಗಳಾದ ಮೇಲೆ ಬಿಲ್ ಬಂತು, ಹನ್ನೊಂದು ಸಾವಿರ ಚಿಲ್ಲರೆ. ನನಗ ಮೆಸೇಜ್ ಹಾಕಿದ: "ತಮ್ಮಾ, ನಾ ಮಾತಾಡಿದ್ದೇ ಎರಡು ನಿಮಿಷ. ಇಷ್ಟು ರೊಕ್ಕ ಹೆಂಗ ಆಯ್ತೋ?"

ನಾ ಬಿಕಾಂ ಓದಿದವ. ಬಿಲ್ ಅಂದ್ರೆ ಸಾಲು ಸಾಲಾಗಿ ಓದೋ ರೂಢಿ. ಓದಿದಾಗ ಗೊತ್ತಾಯ್ತು, ಅಣ್ಣ ಮಾತಾಡಿದ್ದಕ್ಕೆ ಆದ ರೊಕ್ಕ ಬಹಳ ಕಡಿಮೆ. ಉಳಿದದ್ದೆಲ್ಲ ಅಂವ ಮಲಗಿದಾಗ ಫೋನು ತಾನೇ ಮಾಡಿದ ಖರ್ಚು. ಊರಾಗ ತೆಗೆದ ಫೋಟೋ ಎಲ್ಲ ಗೂಗಲ್‌ಗೆ ಏರಿಸಿತ್ತು, ಆಪ್‌ಗಳು ಅಪ್‌ಡೇಟ್ ಆಗಿದ್ದವು, ವಾಟ್ಸಾಪ್ ಗ್ರೂಪಿನ ವಿಡಿಯೋ ತಾವಾಗೇ ಇಳಿದಿದ್ದವು. ಲೆಕ್ಕಕ್ಕೆ ಅಂತ ಒಂದು ಎಂಬಿಗೆ ₹10 ಹಿಡೀರಿ. ಒಂದು ನೂರು ಎಂಬಿ ಅಪ್‌ಡೇಟ್ ಅಂದ್ರೆ ₹1,000 ಹೋಯ್ತು. ನಾವು ಮುಟ್ಟೇ ಇಲ್ಲದ ಫೋನು ಸಾವಿರ ರೂಪಾಯಿ ಉಂಡಿತು.

ಅವತ್ತಿನಿಂದ ನಾ ಎಲ್ಲರಿಗೂ ಹೇಳೋದು ಒಂದೇ ಮಾತು. ಸಿಮ್‌ಗೆ ಎರಡು ಕೆಲಸ ಅದಾವ, ಅವೆರಡನ್ನೂ ಬ್ಯಾರೆ ಬ್ಯಾರೆ ಮಾಡ್ರಿ. ಒಂದು ಗುರುತಿನ ಕೆಲಸ: ಬ್ಯಾಂಕು, ಆಧಾರ್, ಒಟಿಪಿ. ಇನ್ನೊಂದು ಮಾತಿನ ಕೆಲಸ. ಗುರುತಿಗೆ ನಮ್ಮ ಭಾರತದ ಸಿಮ್, ಮಾತಿಗೆ ಹೋದ ದೇಶದ ಸಿಮ್. ಇವೆರಡನ್ನೂ ಒಂದೇ ಸಿಮ್ ಮ್ಯಾಲೆ ಹೊರಿಸಿದಾಗಲೇ ರೊಕ್ಕ ಹೋಗೋದು.

ಗುರುತಿನ ಸಿಮ್ ಮೊದಲು ನೋಡೋಣ. ವಿಮಾನ ಹತ್ತೋ ಮುಂಚೆ ಫೋನಿನ ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಬಂದ್ ಮಾಡ್ರಿ. ಇದು ಒಂದು ಗುಂಡಿ ಒತ್ತೋ ಕೆಲಸ, ಅಣ್ಣ ಇದನ್ನೇ ಬಿಟ್ಟಿದ್ದ. ಆದರೆ ಸಿಮ್‌ನ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಮಾತ್ರ ಚಾಲೂ ಇರಲಿ, ಇಲ್ಲದಿದ್ದರೆ ಅಲ್ಲಿ ಒಟಿಪಿ ಬರೋದಿಲ್ಲ. ಎರಡೂ ಬ್ಯಾರೆ ಬ್ಯಾರೆ. ಸಾಮಾನ್ಯವಾಗಿ ಒಳಬರುವ ಎಸ್‌ಎಂಎಸ್‌ಗೆ ದುಡ್ಡು ಬೀಳೋದಿಲ್ಲ. ಆದರೆ ಪ್ಯಾಕ್ ಇಲ್ಲದಾಗ ಬಂದ ಕರೆ ಎತ್ತಿದರೆ ದುಡ್ಡು ಬೀಳುತ್ತದೆ. ಪರದೇಶದಾಗ ಕರೆ ಎತ್ತಿದವನೂ ಕೊಡಬೇಕು, ಇದು ನೆನಪಿರಲಿ. ಇನ್ನೊಂದು, ವಿಮಾನದಾಗ ಫ್ಲೈಟ್ ಮೋಡ್ ಹಾಕೋದು ಮರೀಬ್ಯಾಡ್ರಿ. ಕೆಲವು ವಿಮಾನಗಳಲ್ಲಿ ಅವರದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ನಮ್ಮ ಫೋನು ಸುಮ್ಮನೆ ಅದಕ್ಕೆ ಜೋಡಣೆ ಆದರೆ ಅದರ ದರ ನೆಲದ ಮೇಲಿನ ರೋಮಿಂಗಿಗಿಂತಲೂ ದುಬಾರಿ.

ಬಸವನ ಬಾಗೇವಾಡಿಯ ನಿವೃತ್ತ ಮಾಸ್ತರೊಬ್ಬರು ನನಗ ಒಂದು ಪ್ರಶ್ನೆ ಕಳಿಸಿದ್ದರು. ಗಂಡ ಹೆಂಡತಿ ಇಬ್ಬರೂ ಅಮೆರಿಕದಾಗಿರೋ ಮಗನ ಮನೆಗೆ ಆರು ತಿಂಗಳು ಹೊಂಟಾರ. "ಇಲ್ಲಿ ಸಿಮ್ ಸುಮ್ಮನೆ ಯಾಕ ರೀಚಾರ್ಜ್ ಮಾಡಬೇಕಪ್ಪಾ, ಬಂದ ಮೇಲೆ ಮಾಡಿದ್ರಾಗೋದಿಲ್ಲೇನು?" ಅಂತ. ಮಾಸ್ತರೇ, ಆಗೋದಿಲ್ಲ. ಟ್ರಾಯ್ 2013ರಲ್ಲಿ ತಂದ ನಿಯಮದ ಪ್ರಕಾರ ಪ್ರೀಪೇಯ್ಡ್ ನಂಬರ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದರೆ ಅದನ್ನು ಬಂದ್ ಮಾಡಬಹುದು. ಖಾತೆಯಲ್ಲಿ ಕನಿಷ್ಠ ₹20 ಇದ್ದರೆ ಆ ₹20 ಹಿಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಬಂದ್ ಆದ ನಂಬರ್ ಮುಂದೆ ಬ್ಯಾರೆ ಯಾರಿಗೋ ಹೋಗುತ್ತದೆ. ನಿಮ್ಮ ಪಿಂಚಣಿ ಖಾತೆಯ ಒಟಿಪಿ ಅವರ ಫೋನಿಗೆ ಬಂದರೆ ಏನಾದೀತು ವಿಚಾರ ಮಾಡ್ರಿ. ನಂಬರ್ ಉಳಿದರೂ, ಪ್ಯಾಕಿನ ಅವಧಿ ಮುಗಿದ ಮೇಲೆ ಒಳಬರುವ ಕರೆ, ಮೆಸೇಜ್ ನಿಂತುಹೋಗಬಹುದು. ಅದಕ್ಕೆ ಉಪಾಯ ಅದ. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು ಅಂತ ಕಂಪನಿಗಳಿಗೆ ಹೇಳಿತು. ಹೋಗೋ ಮುಂಚೆ ಅಂಗಡಿಗೆ ಹೋಗಿ ಅಂಥ ಪ್ಯಾಕೇ ಕೇಳ್ರಿ. ಡೇಟಾ ನಿಮಗ ಮಗನ ಮನೆಯ ವೈಫೈದಾಗ ಸಿಗುತ್ತದೆ.

ನಮ್ಮ ಕಡೆ ಬಹಳ ಮಂದಿ ಇನ್ನೊಂದು ಮಾಡ್ತಾರ. ಭಾರತದ ಸಿಮ್ ತೆಗೆದು ತಮ್ಮನ ಕೈಯಾಗ ಕೊಟ್ಟು ಹೋಗ್ತಾರ, "ಒಟಿಪಿ ಬಂದ್ರೆ ಹೇಳು" ಅಂತ. ನಂಬಿಕೆ ಇರಲಿ, ಬ್ಯಾಡ ಅನ್ನೋದಿಲ್ಲ. ಆದರೆ ಆ ಸಿಮ್ ಅಂದ್ರೆ ನಿಮ್ಮ ತಿಜೋರಿ ಕೀಲಿ. ಆ ಫೋನು ಕಳೆದರೂ ಕೀಲಿ ಹೋದಂಗ. ಅದೂ ಅಲ್ಲದೆ 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ನೋಂದಣಿ ಮಾಡಿದ ಸಿಮ್ ಫೋನಿನಲ್ಲಿ ಇದ್ದರಷ್ಟೇ ವಾಟ್ಸಾಪ್‌ನಂಥ ಆಪ್ ನಡೆಯುವಂತೆ ಮಾಡಬೇಕು ಅಂತ ಆ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಹಾಗಾಗಿ ಭಾರತದ ಸಿಮ್ ನಿಮ್ಮ ಫೋನಿನಾಗೇ ಇರಲಿ. ಎರಡನೇ ಜಾಗಕ್ಕೆ ಆ ದೇಶದ ಸಿಮ್ ಹಾಕ್ರಿ. ಆಗ ವಾಟ್ಸಾಪ್ "ನಂಬರ್ ಬದಲಿಸಲೇ?" ಅಂತ ಕೇಳಿದರೆ ಬ್ಯಾಡ ಅನ್ನಿರಿ. ಮನೆಯವರಿಗೆ ನೀವು ಹಳೇ ನಂಬರಿನಾಗೇ ಸಿಗ್ತೀರಿ.

ಈಗ ಮಾತಿನ ಸಿಮ್. ಇಲ್ಲಿ ದಿನದ ಲೆಕ್ಕ ಮಾಡಬೇಕು. ಮೂರು ನಾಲ್ಕು ದಿನಕ್ಕೆ ಹೋಗಿಬರೋರಾದರೆ ನಮ್ಮ ಕಂಪನಿಯ ರೋಮಿಂಗ್ ಪ್ಯಾಕೇ ಸಾಕು, ಅಲ್ಲಿ ಅಂಗಡಿ ಹುಡುಕೋ ತ್ರಾಸಿಲ್ಲ. ದಿನ ಹೆಚ್ಚಾದಂಗ ಲೆಕ್ಕ ತಿರುಗುತ್ತದೆ. ದಿನದ ಪ್ಯಾಕಿನ ದರವನ್ನು ದಿನಗಳಿಂದ ಗುಣಿಸಿ, ಆ ದೇಶದ ಸಿಮ್‌ನ ತಿಂಗಳ ಪ್ಯಾಕಿನ ಜೊತೆ ಹೋಲಿಸಿ ನೋಡ್ರಿ. ಫೋನಿನಾಗ ಇಸಿಮ್ ಸೌಲಭ್ಯ ಇದ್ದರೆ ಮನ್ಯಾಗ ಕೂತೇ ಆ ದೇಶದ ಡೇಟಾ ಕೊಳ್ಳಬಹುದು, ಚೀಟಿ ಸಿಮ್ ಬೇಕಾಗಿಲ್ಲ. ಆದರೆ ಬಹಳಷ್ಟು ಪ್ರವಾಸಿ ಇಸಿಮ್‌ಗಳಲ್ಲಿ ಬರೀ ಡೇಟಾ ಇರುತ್ತದೆ, ಸಾದಾ ಕರೆ ಇರೋದಿಲ್ಲ. ಅದನ್ನು ಓದಿ ಕೊಳ್ರಿ.

ಮುದ್ದೇಬಿಹಾಳದ ತಂಗಿಯೊಬ್ಬಳು ಎಂಎಸ್ ಓದಲಿಕ್ಕೆ ಜರ್ಮನಿಗೆ ಹೊಂಟಾಳ. ಅವಳಿಗೆ ಒಂದು ಒಳ್ಳೇ ಸುದ್ದಿ. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಹೆಚ್ಚುವರಿ ರೋಮಿಂಗ್ ಶುಲ್ಕ ತೆಗೆದುಹಾಕಿದ್ದಾರೆ. ಜರ್ಮನಿಯ ಸಿಮ್ ಹಿಡಿದು ಪ್ರವಾಸಕ್ಕೆ ಫ್ರಾನ್ಸ್, ಇಟಲಿಗೆ ಹೋದರೂ ಸಾಮಾನ್ಯ ಬಳಕೆಗೆ ಅದೇ ದರ. ಬ್ರಿಟನ್ ಒಕ್ಕೂಟ ಬಿಟ್ಟಿದೆ, ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಅಲ್ಲಿಗೆ ಹೋಗೋವಾಗ ಮಾತ್ರ ಕೇಳಿಕೊಂಡು ಹೋಗವ್ವಾ. ಕೊಲ್ಲಿ ದೇಶಗಳಾಗೂ ಸೌದಿ ಸಿಮ್ ದುಬೈದಾಗ ರೋಮಿಂಗೇ, ಒಂದೇ ಕಡೆ ಅಂತ ತಿಳೀಬ್ಯಾಡ್ರಿ.

ಸೌದಿ ಅಂದಾಗ ಸಿಂದಗಿಯ ಚಾಚಾ ನೆನಪಾಗ್ತಾರ. ಹಜ್‌ಗೆ ಹೊಂಟಾಗ ಅವರ ಫೋನು ನಾನೇ ತಯಾರು ಮಾಡಿಕೊಟ್ಟೆ. ಹಜ್ ಸಮಿತಿಯ ಮೂಲಕ ಹೋದ ಚಾಚಾ ಸುಮಾರು ನಲವತ್ತು ದಿನ ಅಲ್ಲೇ ಇರಬೇಕಿತ್ತು, ಅಷ್ಟು ದಿನಕ್ಕೆ ದಿನದ ಪ್ಯಾಕ್ ಅಂದ್ರೆ ಕೈ ಸುಡ್ತದ. ಸೌದಿಯಲ್ಲಿ ಸಿಮ್ ಕೊಳ್ಳೋವಾಗ ಪಾಸ್‌ಪೋರ್ಟ್ ತೋರಿಸಿ ಬೆರಳಚ್ಚು ಕೊಡಬೇಕು, ಅದಕ್ಕೆ ಹೆದರಬಾರದು, ಅಲ್ಲಿನ ನಿಯಮ ಅದು. 2024ರಿಂದ ಸರ್ಕಾರದ ಹಜ್ ಸುವಿಧಾ ಆಪ್ ಅದ, ಅದನ್ನು ಊರಾಗೇ ಇಳಿಸಿಕೊಟ್ಟೆ. ಆದರೆ ಚಾಚಾಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಒಂದು ಚೀಟಿ. ಅದರ ಮ್ಯಾಲೆ ಅವರ ಕೋಣೆ ಇರೋ ಕಟ್ಟಡದ ನಂಬರ್, ಜೊತೆಗಾರರ ನಂಬರ್, ಮನೆ ನಂಬರ್. ಆ ಗದ್ದಲದಾಗ ಅವರ ಫೋನಿನ ಚಾರ್ಜ್ ಮುಗಿದಿತ್ತು. ಚೀಟಿ ತೋರಿಸಿ ಕೋಣೆಗೆ ಬಂದರಂತೆ.

ಇಷ್ಟೆಲ್ಲ ಹೋಗೋರ ಫೋನಿನ ಮಾತಾಯ್ತು. ಆದರೆ ನಾವೆಲ್ಲ ಮರೆಯೋದು ಮನ್ಯಾಗ ಉಳಿಯೋರ ಫೋನು. ಅಗ್ಗದ ಕರೆ ಅಂದ್ರೆ ಇಂಟರ್‌ನೆಟ್ ಕರೆ. ಇಂಟರ್‌ನೆಟ್ ಕರೆಗೆ ಎರಡೂ ಕಡೆ ಇಂಟರ್‌ನೆಟ್ ಬೇಕು. ಅಣ್ಣ ಇಪ್ಪತ್ತು ಸಾವಿರದ ಫೋನ್ ತಗೊಂಡು ಹೋಗಿದ್ದ. ದೊಡ್ಡವ್ವನ ಕೈಯಾಗ ಇದ್ದದ್ದು ಒತ್ತೋ ಗುಂಡಿಯ ಸಾದಾ ಫೋನು. ಹಿಂಗಾಗಿ ಅಂವ ಸಾದಾ ಕರೆನೇ ಮಾಡಬೇಕಿತ್ತು, ದುಬಾರಿ ಅಂತ ವಾರಕ್ಕೊಮ್ಮೆ ಮಾಡ್ತಿದ್ದ. ಆ ವಾರದ ಕರೆ ತಪ್ಪಿದರೆ ದೊಡ್ಡವ್ವ ಅವತ್ತು ಊಟ ಮಾಡ್ತಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಯುಎಇದಾಗ, ಅಂದ್ರೆ ದುಬೈ, ಅಬುಧಾಬಿ, ಶಾರ್ಜಾದಾಗ ವಾಟ್ಸಾಪ್ ಮೆಸೇಜ್ ಹೋಗ್ತದ, ಧ್ವನಿ ಸಂದೇಶ ಹೋಗ್ತದ, ಆದರೆ ವಾಟ್ಸಾಪ್ ಕರೆ ಹೋಗೋದಿಲ್ಲ. ಅಲ್ಲಿ ಪರವಾನಗಿ ಇರುವ ಆಪ್‌ನಿಂದಷ್ಟೇ ಇಂಟರ್‌ನೆಟ್ ಕರೆ ಮಾಡಬಹುದು. ನಮ್ಮವರು ಬಹಳ ಮಂದಿ ಬೋಟಿಮ್ ಬಳಸ್ತಾರ. ಎರಡೂ ಕಡೆ ಅದೇ ಆಪ್ ಇರಬೇಕು. ಕ್ಯಾಂಪಿನಾಗ ಹುಡುಗರು "ವಿಪಿಎನ್ ಹಾಕು, ವಾಟ್ಸಾಪ್ ಕರೆ ಹೋಗ್ತದ" ಅಂತ ಹೇಳ್ತಾರ. ದಯವಿಟ್ಟು ಕೇಳಬ್ಯಾಡ್ರಿ. ಕಾನೂನು ತಪ್ಪಿಸಲಿಕ್ಕೆ ಅದನ್ನು ಬಳಸಿದರೆ ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ ಜೈಲು ಅದ, 5 ಲಕ್ಷದಿಂದ 20 ಲಕ್ಷ ದಿರಂವರೆಗೆ ದಂಡ ಅದ. ಹತ್ತು ರೂಪಾಯಿ ಉಳಿಸಲಿಕ್ಕೆ ಹೋಗಿ ಹೊಲ ಮಾರೋ ಪ್ರಸಂಗ.

ಎರಡು ವರ್ಷದ ಮೇಲೆ ಅಣ್ಣ ರಜಾಕ್ಕೆ ಬಂದ. ಮತ್ತೆ ಹೋಗೋ ಮುಂಚೆ ನಾವು ತಯಾರಿ ಮಾಡಿದ್ದು ದೊಡ್ಡವ್ವನ ಫೋನಿಂದ. ಹಳೇದೇ ಒಂದು ಸ್ಮಾರ್ಟ್‌ಫೋನ್, ಹೊಸದು ಬ್ಯಾಡ ಅಂದೆ. ಮೊದಲ ಪರದೆ ಮ್ಯಾಲೆ ಎರಡೇ ಆಪ್ ಇಟ್ಟೆವು. ಅಣ್ಣನ ಹೆಸರಿನ ಜಾಗದಾಗ ಅವನ ಫೋಟೋ, ಯಾಕಂದ್ರ ದೊಡ್ಡವ್ವಗ ಓದಲಿಕ್ಕೆ ಬರೋದಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ ಬಿಡೋದನ್ನ ಎಂಟು ದಿನ ಅಭ್ಯಾಸ ಮಾಡಿಸಿದೆವು, ಅಣ್ಣ ಪಕ್ಕದ ಕೋಣೆಯಾಗ ಕೂತು ಉತ್ತರ ಕೊಡ್ತಿದ್ದ. ಅಣ್ಣನ ಫೋನಿನಾಗ ಇರೋ ಊರಿನ ಎಲ್ಲಾ ನಂಬರಿಗೂ ಮುಂದೆ +91 ಹಚ್ಚಿದೆವು, ಇಲ್ಲದಿದ್ದರೆ ಅಲ್ಲಿಂದ ಕರೆ ಹತ್ತೋದಿಲ್ಲ. ಹೊತ್ತೂ ಗೊತ್ತು ಮಾಡಿದೆವು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಸೌದಿ ಎರಡೂವರೆ ತಾಸು ಹಿಂದೆ. ಅಣ್ಣನ ರಾತ್ರಿ ಏಳು ಅಂದ್ರೆ ದೊಡ್ಡವ್ವನ ಎಂಟೂವರೆ. ತೋಟದಾಗ ನೆಟ್‌ವರ್ಕ್ ಕಡಿಮೆ, ಅದಕ್ಕೆ ವಿಡಿಯೋ ಕರೆ ಬ್ಯಾಡ ಅಂದೆವು. ಬರೀ ಧ್ವನಿಯ ಕರೆಗೆ ಡೇಟಾ ಬಹಳ ಕಡಿಮೆ ಸಾಕು, ವಿಡಿಯೋ ಅದರ ಎಷ್ಟೋ ಪಟ್ಟು ಎಳೀತದ.

ಕಡೆಯದಾಗಿ ಒಂದು ಗುಟ್ಟಿನ ಮಾತು ಗೊತ್ತು ಮಾಡಿದೆವು. ಪರದೇಶದ ಹೊಸ ನಂಬರಿನಿಂದ "ಅವ್ವಾ, ನನ್ನನ್ನ ಪೊಲೀಸರು ಹಿಡಿದಾರ, ರೊಕ್ಕ ಹಾಕು" ಅಂತ ಕರೆ ಬಂದರೆ, ಮೊದಲು ಆ ಮಾತು ಕೇಳಬೇಕು. ಹೇಳದಿದ್ದರೆ ಇಟ್ಟುಬಿಡಬೇಕು. ಆ ಮಾತು ಏನಂತ ನಿಮಗೂ ಹೇಳೋದಿಲ್ಲ. ಒಂದು ವೇಳೆ ರೊಕ್ಕ ಹೋಗೇಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡ್ರಿ, ಸೈಬರ್ ವಂಚನೆಯ ಸಹಾಯವಾಣಿ ಅದು.

ಬಹಳ ವರ್ಷ ಅಲ್ಲೇ ದುಡಿಯೋರಿಗೆ ಇನ್ನೊಂದು ಮಾತು. 2023ರ ಜನವರಿಯಲ್ಲಿ ಎನ್‌ಪಿಸಿಐ, ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ನಂಬರಿನ ಮೇಲೂ ಯುಪಿಐಗೆ ಅವಕಾಶ ಕೊಟ್ಟಿತು. ಅದಕ್ಕೆ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇರಬೇಕು. ನಿಮ್ಮ ಬ್ಯಾಂಕಿನಾಗ ಈ ಸೌಲಭ್ಯ ಅದನೋ ಇಲ್ಲೋ ಕೇಳ್ರಿ.

ಈಗ ಅಣ್ಣನ ಖರ್ಚು ಅಂದ್ರೆ ಅಲ್ಲಿನ ಸಿಮ್‌ನ ತಿಂಗಳ ಪ್ಯಾಕ್ ಒಂದೇ. ಬಿಲ್ ಬಗ್ಗೆ ನನಗ ಮೆಸೇಜ್ ಬಂದಿಲ್ಲ. ದೊಡ್ಡವ್ವ ಮಾತ್ರ ಈಗ ದಿನಾ ನಾಲ್ಕೈದು ಧ್ವನಿ ಸಂದೇಶ ಕಳಿಸ್ತಾಳ. ಕೆಲಸದ ಹೊತ್ತಿನಾಗ ಕೇಳಲಿಕ್ಕೆ ಆಗೋದಿಲ್ಲ, ರಾತ್ರಿ ಎಲ್ಲಾ ಕೂಡಿಸಿ ಕೇಳ್ತೀನಿ ಅಂತಾನ ಅಣ್ಣ. ಅದರಾಗ ಲಿಂಬಿ ರೇಟು ಇರ್ತದ, ಮಳೆ ಸುದ್ದಿ ಇರ್ತದ, ಹಿಂದೆ ಕೋಳಿ ಕೂಗೋದೂ ಕೇಳ್ತದಂತ.

ನಿಮ್ಮ ಮನ್ಯಾಗ ಯಾರಾದ್ರೂ ಹೊರಡೋರಿದ್ದರೆ, ಟಿಕೆಟ್ ಬಂದ ದಿನಾನೇ ಮನ್ಯಾಗ ಉಳಿಯೋರ ಫೋನು ಕೈಯಾಗ ತಗೊಳ್ರಿ, ಅಲ್ಲಿಂದ ಶುರು ಮಾಡ್ರಿ. ಪ್ರಶ್ನೆ ಇದ್ದರೆ ಧ್ವನಿ ಸಂದೇಶದಾಗೇ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಉತ್ತರ ಹೇಳ್ತೀನಿ.