ನೆರೆ ನುಗ್ಗಿದ ನಗರ: ಹನ್ನೊಂದು ಹಳೆಯ ಚಿತ್ರಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಚಿತ್ರಪ್ರದರ್ಶನದ ಆರಂಭದಲ್ಲಿ ಮಾಡಿದ ಭಾಷಣ)



ಗುರುನಿವಾಸದ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯಲ್ಲಿ, ಹಳೆಯ ಲೆಕ್ಕದ ಪುಸ್ತಕಗಳ ಅಡಿಯಲ್ಲಿ, 11 ಚಿತ್ರಕಾರ್ಡುಗಳು ದೊರೆತ ಸಂಗತಿ ತಮ್ಮಲ್ಲಿ ಬಹುಮಂದಿಗೆ ತಿಳಿದಿದೆ. ಬೀದಿಯ ತುಂಬ ನೀರು, ನೀರಿನ ಮೇಲೆ ದೋಣಿ, ದೋಣಿಯಲ್ಲಿ ಹ್ಯಾಟು ಧರಿಸಿದ ಮಹನೀಯರು. ಮೊದಲ ನೋಟಕ್ಕೆ ಇದು ವೆನಿಸ್ ನಗರವೇ ಸರಿ ಎಂದು ತೀರ್ಮಾನಿಸಿ, ಪ್ರದರ್ಶನದ ಪಟ್ಟಿಯಲ್ಲಿಯೂ ಹಾಗೆಯೇ ಬರೆದುಬಿಟ್ಟೆವು. ಕಾರ್ಡಿನ ಕೆಳಗೆ ಫ್ರೆಂಚ್ ಭಾಷೆಯಲ್ಲಿ ಸಣ್ಣಕ್ಷರಗಳಲ್ಲಿ ಮುದ್ರಿತವಾಗಿದ್ದ ಸಾಲನ್ನು ಭೂತಗನ್ನಡಿ ಹಿಡಿದು ಓದುವ ವ್ಯವಧಾನ ನಮಗೆ ಆಗ ಇರಲಿಲ್ಲ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿಯೇ ಇಂದು ತಮ್ಮ ಮುಂದೆ ನಿಂತಿದ್ದೇವೆಂದು ಭಾವಿಸಬೇಕು.

ಅವು ವೆನಿಸಿನವಲ್ಲ, 1910ರ ಜನವರಿಯಲ್ಲಿ ಸೇನ್ ನದಿ ಪ್ಯಾರಿಸ್ ನಗರವನ್ನು ಹೊಕ್ಕಾಗ ತೆಗೆದ ಛಾಯಾಚಿತ್ರಗಳು. ಅವು ನಮ್ಮೂರಿಗೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಮೈಸೂರು ಸೀಮೆಯಲ್ಲಿ ತಲೆಮಾರುಗಳ ಕಾಲ ಸೇವೆಮಾಡಿದ ಫ್ರೆಂಚ್ ಗುರುಗಳು ಪ್ಯಾರಿಸಿನ ವಿದೇಶೀ ಧರ್ಮಪ್ರಚಾರಕರ ಸಂಸ್ಥೆಗೆ ಸೇರಿದವರು. ಆ ಸಂಸ್ಥೆಯ ಗುರುಮಠವಿರುವುದು ಅಲ್ಲಿನ ಬಾಕ್ ಬೀದಿಯ 128ನೆಯ ಕಟ್ಟಡದಲ್ಲಿ. ಅದೇ ಬೀದಿಯ ನದಿಯ ಕಡೆಯ ತುದಿಯು ಆ ವರ್ಷ ನೀರಿನಲ್ಲಿ ಮುಳುಗಿತ್ತು. ನಮ್ಮ ಮೊದಲ ಗುರುಗಳಲ್ಲಿ ಯಾರೋ ಒಬ್ಬರು ತಮ್ಮ ಯೌವನದ ನಗರದ ನೆನಪಿಗಾಗಿ ಇವನ್ನು ಹಡಗಿನಲ್ಲಿ ಜೊತೆಗೆ ತಂದಿರಬೇಕು.

ಆ ಚಳಿಗಾಲದಲ್ಲಿ ಸುರಿದ ಮಳೆಯಿಂದ ನೆಲವು ನೀರನ್ನು ಇನ್ನು ಹೀರಲಾರದಂತಾಗಿತ್ತು. ಮೇಲಿನ ಪ್ರದೇಶದ ಯೋನ್, ಮಾರ್ನ್ ಮೊದಲಾದ ಉಪನದಿಗಳು ಒಟ್ಟಾಗಿ ಉಕ್ಕಿ ಬಂದುವು. ಜನವರಿ 28ರಂದು ಆಸ್ಟರ್‌ಲಿಟ್ಜ್ ಸೇತುವೆಯ ಅಳತೆಗಂಬದಲ್ಲಿ ನದಿಯ ಮಟ್ಟ 8.62 ಮೀಟರು ಮುಟ್ಟಿತು. ಬಳಿಕ 2016ರ ಜೂನ್ ತಿಂಗಳಲ್ಲಿ ದೊಡ್ಡ ನೆರೆ ಬಂದಾಗಲೂ ಮಟ್ಟ ಏರಿದ್ದು ಸುಮಾರು 6.10 ಮೀಟರಿಗೆ ಮಾತ್ರ.

ಈಗ ಚಿತ್ರಗಳ ವಿಷಯಕ್ಕೆ ಬರೋಣ. ನೆರೆಯೆಂದರೆ ನದಿಯು ದಡವನ್ನು ಮೀರಿ ಬೀದಿಗೆ ಹರಿಯುವುದೆಂದೇ ನಾವೆಲ್ಲ ತಿಳಿದಿದ್ದೇವೆ. ಮೂರನೆಯ ಕಾರ್ಡನ್ನು ನೋಡಿರಿ: ಅದು ಸೇಂಟ್ ಲಜಾರ್ ರೈಲು ನಿಲ್ದಾಣದ ಮುಂಭಾಗ. ನದಿಯಿಂದ ಬಹುದೂರದ ಜಾಗ. ಆದರೂ ಅಲ್ಲಿ ಜನರು ದೋಣಿಯಲ್ಲಿ ಸಾಗುತ್ತಿದ್ದಾರೆ. ಆಗ ಆ ನಗರದಲ್ಲಿ ನೆಲದಡಿಯ ರೈಲಿಗಾಗಿ ಹೊಸ ಸುರಂಗವೊಂದನ್ನು ಕೊರೆಯುತ್ತಿದ್ದರು. ನೀರು ಆ ಸುರಂಗವನ್ನು ಹಿಡಿದು, ಒಳಚರಂಡಿಗಳನ್ನು ಹಿಡಿದು, ನೆಲಮಾಳಿಗೆಗಳ ಮೂಲಕ ಮೇಲೆದ್ದು ಬಂದಿತು. ನದಿಯ ಅಂಚಿನಲ್ಲಿ ಗೋಡೆಗಳು ಗಟ್ಟಿಯಾಗಿಯೇ ನಿಂತಿದ್ದುವು, ಬೀದಿಗಳು ಮಾತ್ರ ಅವುಗಳ ಬೆನ್ನ ಹಿಂದೆ ತುಂಬಿದುವು. ಓರ್ಸೇ ಎಂಬ ಇನ್ನೊಂದು ನಿಲ್ದಾಣದಲ್ಲಿ ಹಳಿಗಳೆಲ್ಲ ಮುಳುಗಿ, ಕಮಾನಿನ ಮಾಡಿನ ಕೆಳಗೆ ಕಲ್ಯಾಣಿಯಂತೆ ನಿಶ್ಚಲವಾದ ನೀರು ಕಾಣುತ್ತದೆ. 1986ರಿಂದ ಆ ಕಟ್ಟಡವು ವಸ್ತುಸಂಗ್ರಹಾಲಯವಾಗಿದೆ.

ಗಡಿಯಾರಗಳ ಕಥೆ ಚಿತ್ರದಲ್ಲಿಲ್ಲವಾದರೂ ಹೇಳದೆ ಇರಲಾರೆವು. ಪ್ಯಾರಿಸಿನ ಸಾರ್ವಜನಿಕ ಗಡಿಯಾರಗಳು ಆಗ ಕೊಳವೆಗಳಲ್ಲಿ ಬರುತ್ತಿದ್ದ ಒತ್ತಡದ ಗಾಳಿಯಿಂದ ನಡೆಯುತ್ತಿದ್ದುವು. ಜನವರಿ 21ರಂದು ಗಾಳಿಯನ್ನು ಒದಗಿಸುವ ನದೀತೀರದ ಯಂತ್ರಾಗಾರಕ್ಕೆ ನೀರು ನುಗ್ಗಿತು. ಬೆಳಿಗ್ಗೆ 11 ಗಂಟೆಗೆ ಸ್ವಲ್ಪ ಮುಂಚೆ ನಗರದ ಗಡಿಯಾರಗಳೆಲ್ಲ ಒಟ್ಟಿಗೆ ನಿಂತುವು.

ನಮ್ಮ 11 ಕಾರ್ಡುಗಳಲ್ಲಿ ಏಳರಲ್ಲಿ ಹಲಗೆಯ ಕಾಲುಸಂಕಗಳಿವೆ. ಮರದ ಕಾಲುಗಳನ್ನು ನೆಟ್ಟು, ಮೇಲೆ ಹಲಗೆ ಹಾಸಿ, ಮನೆಗಳ ಗೋಡೆಗುಂಟ ಮೈಲುಗಟ್ಟಲೆ ಹಾದಿ ಮಾಡಿದ್ದರು. ಅದರ ಮೇಲೆ ಗಂಡಸರು, ಹೆಂಗಸರು, ಬುಟ್ಟಿ ಹೊತ್ತ ಹುಡುಗರು ಸಾಲಾಗಿ ನಿಂತು ನಮ್ಮತ್ತ ನೋಡುತ್ತಿದ್ದಾರೆ. ಕೆಲವರ ಮುಖದಲ್ಲಿ ನಗೆಯೂ ಇದೆ. ಇವರಿಗೆ ಕಷ್ಟವೇ ಇರಲಿಲ್ಲವೇ ಎಂದು ಸಮಿತಿಯ ತರುಣರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದು ಚಿತ್ರಕಾರ್ಡುಗಳ ಸುಗ್ಗಿಯ ಕಾಲ. ನೀರು ಇಳಿಯುವ ಮುನ್ನವೇ ಇಂಥ ಕಾರ್ಡುಗಳು ಸಾವಿರಾರು ಸಂಖ್ಯೆಯಲ್ಲಿ ಅಂಗಡಿಗಳಿಗೆ ಬಂದುವು. ಕೊಳ್ಳುವವನಿಗೆ ಬೇಕಾದದ್ದು ಬೆರಗು. ಬೀದಿಯಲ್ಲಿ ದೋಣಿ, ಶಾಸನಸಭೆಗೆ ದೋಣಿಯಲ್ಲಿ ಹೋಗುವ ಸದಸ್ಯರು. ಬೆಂಕಿಯಿಲ್ಲದ ಒಲೆ, ಕೊಳೆತ ಹಾಸಿಗೆ, ಕೂಲಿ ತಪ್ಪಿದ ವಾರಗಳು, ಇವುಗಳ ಕಾರ್ಡನ್ನು ಯಾರು ಕೊಂಡಾರು? ಕ್ಯಾಮೆರಾ ಬಂದಾಗ ಜನರು ನಿಂತು ನಕ್ಕದ್ದೂ ಸುಳ್ಳಲ್ಲ, ಅದು ಹೋದ ಮೇಲೆ ಅವರು ಹಿಂದಿರುಗಿದ ಮನೆಯೂ ಸುಳ್ಳಲ್ಲ.

ಒಂದು ಕಾರ್ಡು ಮಾತ್ರ ಇದಕ್ಕೆ ಹೊರತು. ಟೋಲ್ಬಿಯಾಕ್ ಸೇತುವೆಯ ಮೇಲಿಂದ ಕಸದ ಗಾಡಿಗಳನ್ನು ನೇರವಾಗಿ ನದಿಗೆ ಬಗ್ಗಿಸಿ ಸುರಿಯುತ್ತಿರುವ ದೃಶ್ಯವದು. ಕಸ ಸುಡುವ ಕಾರ್ಖಾನೆಗಳು ಮುಳುಗಿದ್ದುದರಿಂದ ನಗರಾಡಳಿತಕ್ಕೆ ಬೇರೆ ದಾರಿ ಕಾಣಲಿಲ್ಲ. ನಗರದ ಕಸ ನದಿಯ ಕೆಳದಂಡೆಯ ಊರುಗಳ ಪಾಲಾಯಿತು. ಈ ಚಿತ್ರದಲ್ಲಿ ಯಾರೂ ನಗುತ್ತಿಲ್ಲ.

ಇನ್ನೊಂದು ಚಿತ್ರದ ಬಳಿ ತಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಿರೆಂದು ನಂಬಿದ್ದೇವೆ. ಎತ್ತರದ ಛಾವಣಿಯ ಉದ್ದನೆಯ ಕೊಠಡಿ, ಸಾಲು ಹಾಸಿಗೆಗಳು, ತಾಯಂದಿರು, ಮಕ್ಕಳು. ಅದು ಸೇಂಟ್ ಸುಲ್ಪೀಸ್ ಗುರುಮಠ. 1905ರ ಕಾನೂನಿನಂತೆ ಫ್ರಾನ್ಸಿನಲ್ಲಿ ಧರ್ಮಸಭೆಯೂ ಸರ್ಕಾರವೂ ಬೇರೆಯಾದ ಬಳಿಕ, 1906ರಲ್ಲಿ ಅಲ್ಲಿದ್ದ ಗುರುವಿದ್ಯಾರ್ಥಿಗಳು ಕಟ್ಟಡವನ್ನು ಬಿಡಬೇಕಾಯಿತು. ಅದರ ಬಗ್ಗೆ ಎರಡು ಪಕ್ಷಗಳಲ್ಲಿಯೂ ಕಹಿಯಿತ್ತು. ನಾಲ್ಕು ವರ್ಷ ಕಳೆಯುವುದರೊಳಗೆ, ಖಾಲಿಯಾಗಿದ್ದ ಅದೇ ಕಟ್ಟಡದಲ್ಲಿ ಮನೆ ಕಳೆದುಕೊಂಡ ನೂರಾರು ಮಂದಿಗೆ ಹಾಸಿಗೆ ಸಿಕ್ಕಿತು. ಯಾರ ಕಟ್ಟಡವೆಂಬ ವಾದ ಆ ಮಗುವಿನ ಮುಖದಲ್ಲಿಲ್ಲ. ಅದರ ಕೈಯಲ್ಲಿ ರೊಟ್ಟಿಯ ತುಂಡೊಂದಿದೆ.

ಚಿತ್ರವನ್ನೇ ಅಳತೆಗೋಲಾಗಿ ಹಿಡಿಯುವವರಿಗೂ ಒಂದು ಮಾತು. ಆಲ್ಮಾ ಸೇತುವೆಯ ಕಂಬದ ಬಳಿ ಕ್ರಿಮಿಯಾ ಯುದ್ಧದ ನೆನಪಿಗೆ ನಿಲ್ಲಿಸಿದ ಜುವಾವ್ ಸಿಪಾಯಿಯ ಕಲ್ಲಿನ ಪ್ರತಿಮೆಯಿದೆ. 1910ರ ಚಿತ್ರದಲ್ಲಿ ನೀರು ಅವನ ಭುಜವನ್ನು ಮುಟ್ಟಿದೆ. ಈಗಲೂ ಸೇನ್ ಏರಿದಾಗಲೆಲ್ಲ ಪ್ಯಾರಿಸಿನ ಜನರು ಅವನ ಪಾದ ನೆನೆಯಿತೇ, ಮೊಣಕಾಲು ನೆನೆಯಿತೇ ಎಂದು ನೋಡಿಬರುತ್ತಾರೆ. ಆದರೆ 1970 ಮತ್ತು 1974ರ ನಡುವೆ ಆ ಸೇತುವೆಯನ್ನು ಕೆಡವಿ ಹೊಸದಾಗಿ ಕಟ್ಟಿ, ಪ್ರತಿಮೆಯನ್ನು ಮತ್ತೆ ನಿಲ್ಲಿಸಿದರು. ಆದುದರಿಂದ ಅಂದಿನ ಭುಜವನ್ನೂ ಇಂದಿನ ಮೊಣಕಾಲನ್ನೂ ಹೋಲಿಸಿ ನೆರೆಯ ಲೆಕ್ಕ ಹಾಕುವುದು ಸಲ್ಲದು. ಮನೆಗಳ ಗೋಡೆಯ ಮೇಲೆ 1910 ಎಂದು ಕೆತ್ತಿ ಗೆರೆ ಎಳೆದ ಫಲಕಗಳು ಆ ಸಿಪಾಯಿಗಿಂತ ನಂಬಲರ್ಹವಾದ ಸಾಕ್ಷಿಗಳು.

ಇಷ್ಟು ದೊಡ್ಡ ನೆರೆಯಲ್ಲಿ ಪ್ಯಾರಿಸ್ ನಗರದೊಳಗೆ ಸತ್ತವರು ತೀರ ಕಡಿಮೆ. ಆಲ್ಫೋರ್ವಿಲ್, ಜೆನ್ವಿಲಿಯೇ ಮೊದಲಾದ ಹೊರವಲಯದ ಬಡಾವಣೆಗಳು ಹೆಚ್ಚು ನೊಂದುವು. ನಮ್ಮ ಪೆಟ್ಟಿಗೆಯಲ್ಲಿ ಅವುಗಳ ಚಿತ್ರ ಒಂದೂ ಇಲ್ಲ.

ಇದನ್ನು ಯೋಚಿಸುವಾಗಲೇ ನಮ್ಮ ಮನಸ್ಸು ಅದೇ ಕಾಲದ ನಮ್ಮ ನೆರೆನಾಡಿನ ಇನ್ನೊಂದು ನಗರದತ್ತ ಹೊರಳಿತು. ಪ್ಯಾರಿಸಿನ ನೆರೆಗೆ ಸರಿಯಾಗಿ 16 ತಿಂಗಳು ಮುಂಚೆ, 1908ರ ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಅಲ್ಲಿ ಸತ್ತವರು 15,000ದಷ್ಟು ಎಂಬ ಅಂದಾಜಿದೆ. ಮೂಸಿಯ ಮೇಲ್ಭಾಗದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದುವೆಂದು, ಮರುವರ್ಷ ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು ಅಲ್ಲಿಗೆ ಹೋದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಾಖಲಿಸಿದ್ದಾರೆ. ಅವರು ಸೂಚಿಸಿದಂತೆ ನದಿಗಳ ಮೇಲುಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳಾದುವು: 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ.

ಆ ನೆರೆಯ ಚಿತ್ರಗಳೂ ಇವೆ. ಒಡೆದ ಸೇತುವೆ, ಇಟ್ಟಿಗೆಯ ರಾಶಿ, ರಾಶಿಯ ಮೇಲೆ ಒಂಟಿ ಮನುಷ್ಯ. ಆದರೆ ನಾವು ಹುಡುಕಿ ನೋಡಲು ಸಾಧ್ಯವಾದುವು ಬೆರಳೆಣಿಕೆಯಷ್ಟು ಮಾತ್ರ. ಸಾವು ವಿರಳವಾಗಿದ್ದ ಕಡೆ ಸಾವಿರಾರು ಚಿತ್ರಗಳು, ಸಾವಿರಾರು ಸಾವಾದ ಕಡೆ ಚಿತ್ರಗಳು ವಿರಳ. ಹೈದರಾಬಾದಿನಲ್ಲಿ ಚಿತ್ರಕ್ಕಿಂತ ಗಟ್ಟಿಯಾದ ಸಾಕ್ಷಿಯೆಂದರೆ ಅಫ್ಜಲ್‌ಗಂಜಿನ ಒಂದು ಹುಣಿಸೆಮರ. ಅಂದು ಅದರ ಕೊಂಬೆಗಳನ್ನು ಹಿಡಿದು ಕುಳಿತ ಸುಮಾರು 150 ಜನರು ಬದುಕಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಜನರು ಆ ಮರವನ್ನು ಇಂದಿಗೂ ತೋರಿಸುತ್ತಾರೆ. ಈ ಕಾರಣದಿಂದ, ಮೂಸಿಗೆ ಸಂಬಂಧಿಸಿದ ಎರಡು ಚಿತ್ರಗಳ ಪ್ರತಿಗಳನ್ನು ಪ್ಯಾರಿಸಿನ ಕಾರ್ಡುಗಳ ಪಕ್ಕದಲ್ಲಿಯೇ ಇರಿಸಿದ್ದೇವೆ. ಇದು ಫ್ರೆಂಚ್ ಗುರುಗಳ ನೆನಪಿನ ಮೇಜಲ್ಲವೇ ಎಂದು ಸಮಿತಿಯ ಹಿರಿಯರೊಬ್ಬರು ಆಕ್ಷೇಪಿಸಿದರು; ಆದರೂ ನಮ್ಮ ಹಟವನ್ನು ನಡೆಸಿಕೊಟ್ಟರು.

ಕಡೆಯ ಕಾರ್ಡಿನಲ್ಲಿ ನೀರು ನಿಂತ ಇಕ್ಕಟ್ಟಾದ ಬೀದಿಯೊಂದಿದೆ, ಜನರಿಲ್ಲ. ಬಲಗಡೆಯ ಮನೆಯ ಎರಡನೆಯ ಅಂತಸ್ತಿನ ಕಿಟಕಿಯೊಂದರ ಮೇಲೆ ಯಾರೋ ಲೇಖನಿಯಿಂದ ಸಣ್ಣದೊಂದು ಗುರುತು ಹಾಕಿದ್ದಾರೆ. ಶಾಯಿ ಮಾಸಿದ್ದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದು ಆ ಗುರುಗಳು ಹುಟ್ಟಿದ ಮನೆಯೋ, ತಾಯಿ ಒಬ್ಬಳೇ ಉಳಿದಿದ್ದ ಕೋಣೆಯೋ! ಈ ಒಂದು ಕಾರ್ಡನ್ನು ಗಾಜಿನ ಕೆಳಗೆ ಇಟ್ಟಿಲ್ಲ, ಕೈಗೆತ್ತಿಕೊಂಡು ನೋಡಬಹುದು. ಅಂಚನ್ನು ಮಾತ್ರ ಹಿಡಿಯಬೇಕೆಂದೂ, ಮಕ್ಕಳ ಕೈಗೆ ಕೊಡುವಾಗ ಹಿರಿಯರು ಜೊತೆಗಿರಬೇಕೆಂದೂ ವಿನಂತಿ. ಪ್ರದರ್ಶನವು ಭಾನುವಾರ ಸಂಜೆಯವರೆಗೆ ತೆರೆದಿರುತ್ತದೆ.