ಆಕಾಶದಲ್ಲಿ ಕಂಡ ಅಪರಿಚಿತ ವಸ್ತುಗಳು



ನಮ್ಮ ಪೂರ್ವಿಕರು ಧೂಮಕೇತುವನ್ನೋ ಉಲ್ಕೆಯನ್ನೋ ಕಂಡಾಗ ಅದನ್ನು ಉತ್ಪಾತವೆಂದು ಎಣಿಸಿ ಶಾಂತಿಕರ್ಮಗಳನ್ನು ಮಾಡಿಸುತ್ತಿದ್ದರು. ಆಧುನಿಕ ರಾಷ್ಟ್ರಗಳು ತಮ್ಮ ಆಕಾಶದಲ್ಲಿ ಗುರುತಿಲ್ಲದ ವಸ್ತುವೊಂದು ಕಂಡಾಗ ಯುದ್ಧವಿಮಾನಗಳನ್ನು ಅಟ್ಟುತ್ತವೆ. ಹಾಗೆ ಅಟ್ಟಿದ ವಿಮಾನಗಳಿಗೆ ಏನು ಸಿಕ್ಕಿತು, ಏನೂ ಸಿಕ್ಕದೆ ಹೋದಾಗ ವಿವೇಕಿಯಾದವನು ಏನೆಂದು ತಿಳಿಯತಕ್ಕದ್ದು, ಎಂಬುದೇ ಈ ಹೊತ್ತಿನ ಭಾಷಣದ ವಿಷಯ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ೧೯೫೨ನೆಯ ಇಸವಿ ಜುಲೈ ತಿಂಗಳಲ್ಲಿ ನಡೆದ ಸಂಗತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯ನೆಯ ತಾರೀಖು ಶನಿವಾರ ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಅಲ್ಲಿನ ವಿಮಾನನಿಲ್ದಾಣದ ರೇಡಾರ್ ಪರದೆಯ ಮೇಲೆ ಏಳು ಬೆಳಕಿನ ಚುಕ್ಕೆಗಳು ಮೂಡಿದವು. ಆ ದಿಕ್ಕಿನಲ್ಲಿ ಬರಬೇಕಾಗಿದ್ದ ವಿಮಾನ ಯಾವುದೂ ಇರಲಿಲ್ಲ. ಸಮೀಪದ ಆಂಡ್ರೂಸ್ ವಾಯುನೆಲೆಯ ರೇಡಾರಿನಲ್ಲಿಯೂ ಅಂಥವೇ ಕಂಡವು. ಆಕಾಶದಲ್ಲಿ ಹಾರುತ್ತಿದ್ದ ವಿಮಾನಚಾಲಕನೊಬ್ಬನು ತಾನೂ ಬೆಳಕುಗಳನ್ನು ನೋಡಿದುದಾಗಿ ವರದಿ ಮಾಡಿದನು. ಡೆಲವೇರ್ ಪ್ರಾಂತದಿಂದ ಎಫ್-೯೪ ಎಂಬ ಜೆಟ್ ವಿಮಾನಗಳು ಬಂದುದು ರಾತ್ರಿ ಬಹಳ ಕಳೆದ ಮೇಲೆ. ಅವು ಬಂದೊಡನೆ ಚುಕ್ಕೆಗಳು ಮಾಯವಾದವು. ಅವು ಹಿಂದಿರುಗಿದ ತರುವಾಯ ಮತ್ತೆ ಕಾಣಿಸಿಕೊಂಡವು.

ಒಂದು ವಾರದ ಮೇಲೆ, ೨೬ನೆಯ ತಾರೀಖಿನ ರಾತ್ರಿ, ಇದೇ ನಾಟಕವು ಎರಡನೆಯ ಸಲ ನಡೆಯಿತು. ಆ ರಾತ್ರಿ ಜೆಟ್ ಚಾಲಕರಲ್ಲಿ ಒಬ್ಬನಿಗೆ ಬಿಳಿಯ ಬೆಳಕುಗಳು ಕಂಡವು. ಅವನು ತನ್ನ ವಿಮಾನದ ಪೂರ್ಣವೇಗದಿಂದ ಬೆನ್ನಟ್ಟಿದರೂ ಅವುಗಳನ್ನು ಸಮೀಪಿಸಲಾಗಲಿಲ್ಲ.

ಆ ಕಾಲದ ಸ್ಥಿತಿಯನ್ನು ನೆನೆದರೆ ಇದರ ಗಾಂಭೀರ್ಯವು ಅರಿವಾಗುತ್ತದೆ. ರಷ್ಯಾದೇಶವು ೧೯೪೯ರಲ್ಲಿಯೇ ಪರಮಾಣು ಬಾಂಬನ್ನು ಸ್ಫೋಟಿಸಿತ್ತು. ಕೊರಿಯಾದಲ್ಲಿ ಯುದ್ಧವು ನಡೆಯುತ್ತಿತ್ತು. ರಾಜಧಾನಿಯ ಮೇಲಣ ಒಂದು ಚುಕ್ಕೆಯನ್ನು ಯಾರು ತಾನೆ ಅಲಕ್ಷಿಸಬಲ್ಲರು? ೨೯ನೆಯ ತಾರೀಖು ವಾಯುಸೇನೆಯ ಗುಪ್ತವಾರ್ತಾ ವಿಭಾಗದ ಮುಖ್ಯಸ್ಥರಾದ ಮೇಜರ್ ಜನರಲ್ ಸ್ಯಾಮ್‌ಫರ್ಡರು ಪತ್ರಿಕಾ ಪ್ರತಿನಿಧಿಗಳನ್ನು ಕರೆದು ಮಾತನಾಡಿದರು. ನಂಬತಕ್ಕ ಜನರೇ ನಂಬಲಾಗದ ಸಂಗತಿಗಳನ್ನು ಹೇಳುತ್ತಿರುವರೆಂದು ಅವರು ಒಪ್ಪಿಕೊಂಡು, ರೇಡಾರಿನಲ್ಲಿ ಕಂಡ ಚುಕ್ಕೆಗಳಿಗೆ ವಾಯುಮಂಡಲದ ಉಷ್ಣತೆಯ ವಿಪರ್ಯಾಸವು ಕಾರಣವಾಗಿರಬಹುದೆಂದರು.

ಈ ವಿಪರ್ಯಾಸವೆಂದರೇನು? ಸಾಮಾನ್ಯವಾಗಿ ಮೇಲೆ ಹೋದಂತೆಲ್ಲ ಗಾಳಿಯು ತಣ್ಣಗಾಗುತ್ತದೆ. ಕೆಲವು ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿಯು ತಂಪಾಗಿ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವು ಹಾಸಿದಂತಿರುತ್ತದೆ. ಬಯಲುಸೀಮೆಯ ಬಿಸಿಲ್ಗುದುರೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಕಾದ ನೆಲದ ಮೇಲಣ ಗಾಳಿಯು ಬೆಳಕನ್ನು ಮೇಲಕ್ಕೆ ಬಗ್ಗಿಸುವುದರಿಂದ ಆಕಾಶವೇ ನೀರಾಗಿ ತೋರುತ್ತದೆ. ವಿಪರ್ಯಾಸದ ಪದರವು ಇದಕ್ಕೆ ವಿರುದ್ಧವಾಗಿ ರೇಡಾರಿನ ಅಲೆಗಳನ್ನು ಕೆಳಕ್ಕೆ ಬಗ್ಗಿಸುತ್ತದೆ. ನೆಲದ ಮೇಲಿನ ಕಟ್ಟಡವೋ ವಾಹನವೋ ಆಕಾಶದ ವಸ್ತುವಿನಂತೆ ಪರದೆಯ ಮೇಲೆ ತೋರುತ್ತದೆ. ಪದರವು ಗಾಳಿಯೊಡನೆ ಚಲಿಸಿದರೆ ಚುಕ್ಕೆಯೂ ಚಲಿಸುತ್ತದೆ. ಅಮೆರಿಕಾದ ನಾಗರಿಕ ವಿಮಾನಯಾನ ಇಲಾಖೆಯವರು ೧೯೫೩ರಲ್ಲಿ ಪ್ರಕಟಿಸಿದ ಅಧ್ಯಯನವು ಇಂಥ ಚುಕ್ಕೆಗಳನ್ನೇ ಪರೀಕ್ಷಿಸಿ ಈ ವಾದಕ್ಕೆ ಬಲವನ್ನು ಕೊಟ್ಟಿತು. ಆದರೂ ಆ ರಾತ್ರಿ ಪರದೆಯ ಮುಂದೆ ಕುಳಿತಿದ್ದ ಅನುಭವಸ್ಥರು ಕೆಲವರು ಈ ಸಮಾಧಾನವನ್ನು ಒಪ್ಪಲಿಲ್ಲ.

ಇಲ್ಲಿ ಎರಡು ವಿಧದ ಆತುರವುಂಟು. ಅರ್ಥವಾಗದುದೆಲ್ಲವೂ ಅನ್ಯಲೋಕದಿಂದ ಬಂದುದೆಂದು ನಿಶ್ಚಯಿಸುವುದು ಒಂದು. ಕಂಡವರೆಲ್ಲರೂ ಭ್ರಾಂತರೆಂದು ನಗುವುದು ಇನ್ನೊಂದು. ಮೊದಲನೆಯ ಆತುರದಲ್ಲಿ ವಿಚಾರವು ಅಲ್ಲಿಗೇ ನಿಲ್ಲುತ್ತದೆ. ಎರಡನೆಯದರಿಂದ ಚಾಲಕರು ನಗೆಗೆ ಹೆದರಿ ಬಾಯಿ ಮುಚ್ಚುತ್ತಾರೆ. ನಿಜವಾದ ಅಪಾಯವು ಬಂದ ದಿನ ಹೇಳುವವರೇ ಇರುವುದಿಲ್ಲ.

ಅಪರಿಚಿತವನ್ನು ಬೆನ್ನಟ್ಟುವುದರಲ್ಲಿ ಪ್ರಾಣಾಪಾಯವೂ ಇಲ್ಲದಿಲ್ಲ. ೧೯೪೮ನೆಯ ಜನವರಿ ೭ರಂದು ಕೆಂಟಕಿ ಪ್ರಾಂತದಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ಚಾಲಕನು ಹೊಳೆಯುವ ವಸ್ತುವೊಂದನ್ನು ಅರಸುತ್ತ, ಆಮ್ಲಜನಕದ ಸಲಕರಣೆಯಿಲ್ಲದೆಯೇ ೨೦,೦೦೦ ಅಡಿಗಳಿಗೂ ಮಿಗಿಲಾಗಿ ಏರಿ, ವಿಮಾನದೊಡನೆ ಬಿದ್ದು ಮಡಿದನು. ಅವನು ಅರಸಿದುದು ಬಹುಶಃ ನೌಕಾಸೇನೆಯವರ ಸ್ಕೈಹುಕ್ ಎಂಬ ದೊಡ್ಡ ಬೆಲೂನು. ಆ ಕಾರ್ಯವು ಆಗ ರಹಸ್ಯವಾಗಿತ್ತು. ಒಂದು ಇಲಾಖೆಯ ಗುಟ್ಟು ಇನ್ನೊಂದು ಇಲಾಖೆಯವನಿಗೆ ಮೃತ್ಯುವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಅಮೆರಿಕಾದ ವಾಯುಸೇನೆಯವರು ೧೯೬೯ರಲ್ಲಿ ತಮ್ಮ ವಿಚಾರಣೆಯನ್ನು ಮುಗಿಸಿದಾಗ ೧೨,೬೧೮ ವರದಿಗಳಲ್ಲಿ ೭೦೧ ಮಾತ್ರ ಗುರುತು ಹತ್ತದೆ ಉಳಿದಿದ್ದವು. ವಿಷಯವು ಅಲ್ಲಿಗೆ ಮುಗಿಯಲಿಲ್ಲ. ೨೦೨೩ನೆಯ ಫೆಬ್ರವರಿ ೪ರಂದು ಚೀನಾದೇಶದ ಬೆಲೂನೊಂದನ್ನು ಅಮೆರಿಕಾದ ವಿಮಾನವು ಹೊಡೆದು ಕೆಡವಿತು. ಆ ಮೇಲೆ ರೇಡಾರುಗಳನ್ನು ಸಣ್ಣ, ನಿಧಾನವಾದ ವಸ್ತುಗಳನ್ನೂ ಗಮನಿಸುವಂತೆ ಹೊಂದಿಸಿದರು. ೧೦ರಿಂದ ೧೨ರವರೆಗಿನ ಮೂರು ದಿನಗಳಲ್ಲಿ ಅಲಾಸ್ಕಾ, ಯೂಕಾನ್, ಹ್ಯೂರನ್ ಸರೋವರ ಈ ಮೂರು ಕಡೆಗಳಲ್ಲಿ ಮೂರು ವಸ್ತುಗಳನ್ನು ಕ್ಷಿಪಣಿಗಳಿಂದ ಹೊಡೆದರು. ಅವು ಖಾಸಗಿಯವರವೋ ಸಂಶೋಧಕರವೋ ಆದ ಬೆಲೂನುಗಳಾಗಿರುವ ಸಂಭವವೇ ಹೆಚ್ಚೆಂದು ಅಧ್ಯಕ್ಷರು ಆಮೇಲೆ ತಿಳಿಸಿದರು. ನೋಡುವ ಬಗೆಯು ಬದಲಾದೊಡನೆ, ಮೊದಲು ಗಮನಕ್ಕೆ ಬಾರದಿದ್ದುವೂ ಕಣ್ಣಿಗೆ ಬಿದ್ದವೆಂಬುದನ್ನು ನೆನಪಿನಲ್ಲಿಡಬೇಕು.

ಆದುದರಿಂದ ಗುರುತು ಹತ್ತಲಿಲ್ಲವೆಂಬುದು ವಸ್ತುವಿನ ಲಕ್ಷಣವಲ್ಲ. ಅದು ನಮ್ಮ ಜ್ಞಾನದ ಸ್ಥಿತಿ. ಹತ್ತಾರು ಸಾಕ್ಷಿಗಳಿದ್ದರೂ ತೀರ್ಪು ಹೇಳಲಾಗದ ವ್ಯಾಜ್ಯಗಳುಂಟು. ನ್ಯಾಯಾಧೀಶನು ಅದಕ್ಕಾಗಿ ಸಾಕ್ಷಿಗಳನ್ನು ಹಳಿಯುವುದಿಲ್ಲ, ತನಗೆ ತೋಚಿದುದನ್ನು ಬರೆದು ಮುಗಿಸುವುದೂ ಇಲ್ಲ. ಕೈಯಲ್ಲಿ ಕ್ಷಿಪಣಿಯಿರುವ ಚಾಲಕನಿಗೂ ಅವನಿಗೆ ಅಪ್ಪಣೆ ಕೊಡುವವರಿಗೂ ಈ ಸಂಯಮವು ನಮಗಿಂತಲೂ ಹೆಚ್ಚಾಗಿ ಬೇಕು. ಅವರು ತಪ್ಪಿದರೆ ಮನುಷ್ಯರಿರುವ ವಿಮಾನವೇ ಉರುಳೀತು.