ರೋಜಾ ಎಂದರೆ ತೋಟ

ವಿಜಯಪುರದ ಇಬ್ರಾಹಿಂ ರೋಜಾದ ಹೆಸರು ಕಿವಿಗೆ ಬಿದ್ದೊಡನೆ ನಮಗೆ ಗುಲಾಬಿ ನೆನಪಾಗುವುದು ಸಹಜ. ಆದರೆ ಈ ರೋಜಾ ಬೇರೆ. ಅರಬ್ಬಿಯ ‘ರೌಜಾ’ ಎಂಬ ಮಾತಿಗೆ ತೋಟವೆಂದೇ ಮೂಲಾರ್ಥ. ಸಮಾಧಿಯೆಂಬ ಅರ್ಥ ಅನಂತರ ಕೂಡಿಕೊಂಡಿತು. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಾಳೊಂದಿಗೆ ಅಲ್ಲಿ ಮಲಗಿದ್ದಾನೆ. ಒಂದೆಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ಕೊಳ, ಸುತ್ತಲೂ ಉದ್ಯಾನ. ಅಗಲಿದವರ ನೆನಪು ಹಸಿರಿನ ನಡುವೆ ಇರಬೇಕೆಂಬುದು ಕಟ್ಟಿದವರ ಸಂಕಲ್ಪ.

ಸಂಕಲ್ಪವೇನೋ ಸುಂದರ, ನೀರು? ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿದು, ಅದೂ ನಂಬುವಂಥದಲ್ಲ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ನೆಲದಡಿಯಲ್ಲಿ ನೀರು ತಂದರು. ಮಣ್ಣಿನ ಕೊಳವೆಗಳು ಒಡೆಯದಂತೆ ಒತ್ತಡ ತಗ್ಗಿಸಲು ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದರು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ ಆದವು. ಇಂಥ ನೀರಿನ ಸರಪಳಿ ಕಡಿದ ದಿನ ‘ರೌಜಾ’ ತನ್ನ ಮೊದಲ ಅರ್ಥವನ್ನು ಕಳೆದುಕೊಳ್ಳುತ್ತದೆ, ಸಮಾಧಿಯೊಂದೇ ಉಳಿಯುತ್ತದೆ.

ಕಸ ತುಂಬಿ ಹಾಳಾಗಿದ್ದ ತಾಜ್ ಬಾವಡಿಯ ಹೂಳನ್ನು ಕಳೆದ ದಶಕದಲ್ಲಿ ಎತ್ತಲಾಯಿತು. ಅದೇ ದಶಕದಲ್ಲಿ ಕೋಟಿ ವೃಕ್ಷ ಅಭಿಯಾನವೂ ಮೊದಲಾಗಿ, ಅದಕ್ಕಾಗಿ ಸಾವಿರಾರು ಜನ ‘ವೃಕ್ಷೋಥಾನ್’ ಓಟದಲ್ಲಿ ಓಡಿದರು. ಸ್ವಯಂಪ್ರೇರಣೆಯ ಈ ಉತ್ಸಾಹ ನಮ್ಮ ಊರಿನ ದೊಡ್ಡ ಆಸ್ತಿ. ಆದರೆ ಉತ್ಸಾಹಕ್ಕೆ ಎರಡು ವಿವೇಕಗಳು ಜೊತೆಯಾಗಬೇಕು.

ಮೊದಲನೆಯದು, ಹಸಿರೆಲ್ಲವೂ ಹಿತವಲ್ಲ. ಗೋಡೆಯ ಸಂದಿನಲ್ಲಿ ಚಿಗುರಿದ ಅರಳಿಯ ಸಸಿ ನೋಡಲು ಚೆಲುವು. ಬೇರು ಬಲಿತರೆ ಕಲ್ಲನ್ನೇ ಸೀಳೀತು. ಹಾಗೆಂದು ಅದನ್ನು ಕಿತ್ತು ಸಿಮೆಂಟು ಮೆತ್ತುವುದೂ ಸೇವೆಯಲ್ಲ. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯೇ ಔಷಧ. ಸಂರಕ್ಷಿತ ಆವರಣದಲ್ಲಿ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಗುದ್ದಲಿ ಎತ್ತಬಾರದು.

ಎರಡನೆಯದನ್ನು ಕಲಿಯಲು ನಗರದಾಚೆಗೆ ಹೋಗಬೇಕು. ತಿಕೋಟೆಯ ದ್ರಾಕ್ಷಿ ಬೆಳೆಗಾರನನ್ನು ನೋಡಿ: ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಬಳ್ಳಿಯ ಜೀವ ಹಿಡಿಯುತ್ತಾನೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆಯನ್ನು ನೋಡಿ: ಏರಿ ಎಷ್ಟೇ ಗಟ್ಟಿಯಿರಲಿ, ನೀರು ಬಂದರೆ ಮಾತ್ರ ಅದು ಕೆರೆ. ಆ ಸೀಮೆಯ ಜನಕ್ಕೆ ಗೊತ್ತು, ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಹಲವು ಬೇಸಿಗೆಗಳ ಕೆಲಸ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಎಳೆಯ ಬೇರುಗಳು ಆ ಬಿರುಕಿನಲ್ಲಿ ಹರಿದುಹೋಗುತ್ತವೆ. ಆಗ ಬೇಕಾದುದು ಮೆರವಣಿಗೆಯಲ್ಲ, ಒಂದು ಕೊಡ ನೀರು, ಬುಡಕ್ಕೆ ಒಂದು ಬೊಗಸೆ ಒಣ ಎಲೆಯ ಹೊದಿಕೆ.

ಗಿಡ ನೆಟ್ಟ ದಿನ ಕೈಗಳು ಅನೇಕ. ಎರಡನೆಯ ಚೈತ್ರದಲ್ಲಿ ಕೊಡ ಹೊತ್ತು ಬರುವವರು ಯಾರು? ಅರಸರ ಹೆಸರನ್ನು ಕಲ್ಲು ಕಾಯುತ್ತದೆ. ಅವರ ತೋಟವನ್ನು ಕಾಯಬೇಕಾದವರು ಹೆಸರು ಬಯಸದ ನಾವು.